ವರ್ತಿಯ ದಫ್ತರ

ರೇಡಿಯೊದಾಗ ಹೇಳಿದರು ನಿನ್ನೆ ರಾತ್ರಿ:
ಸಮುದ್ರದ ನಡುವಿನ ಸಣ್ಣ ಸಣ್ಣ ದೇಶಗಳು
ಕುಡಿಯೋ ನೀರಿನ ಸಲುವಾಗಿ
ಒಂದೇ ಮೇಜಿನ ಸುತ್ತ ಕುಂತಾವಂತ.
ಖಾಸಿಂಬಿ ಕೇಳಿದಳು, ರೊಟ್ಟಿ ಬಡಿಯೋದು ನಿಲ್ಲಿಸದೆ:
‘ಹಂಗಾದ್ರ ಅವರೂ ಗಡ್ಡಿಯವರೇ ಆದರು.
ವರ್ತಿ ತೋಡ್ತಾರೇನು ಅಲ್ಲಿ, ಉಪ್ಪಿನ ಮರಳಾಗ?’
ನನಗ ಗೊತ್ತಿರಲಿಲ್ಲ.

ನಮ್ಮವು ಮೂರು ಗಡ್ಡಿ:
ಜಾಲಿಗಡ್ಡಿ, ಹದ್ದಿನಗಡ್ಡಿ, ನಮ್ಮ ಬೂದಿಗಡ್ಡಿ.
ಸುರಪುರದ ಕಚೇರಿ ನಕಾಶೆಯೊಳಗ
ಕೃಷ್ಣಿ ಅಂದರ ಒಂದು ನೀಲಿ ಗೀಟು;
ಆ ಗೀಟಿನ ದಪ್ಪದಾಗ ಎಲ್ಲೋ
ನಾವು, ನಮ್ಮ ಆಡು, ನಮ್ಮ ನೂರಾ ಹನ್ನೊಂದು ಓಟು.

ಮಳಿಗಾಲಕ್ಕ ಸುತ್ತಲೂ ನೀರು, ಕೆಂಪಗ,
ಸತ್ತ ನಾಯಿ, ಮೇಲಿನೂರಿನವರ ಒಂಟಿ ಚಪ್ಪಲಿ.
ಬಗ್ಗಿದರ ಕೈಗೆ ಸಿಗತದ, ಬಾಯಿಗಲ್ಲ.
ಬೋರಿನ ನೀರು ಕುಡಿದ ದ್ಯಾವಣ್ಣನ ಹಲ್ಲು
ಹೊಗಿ ಹಿಡಿದ ಗ್ವಾಡಿ ಹಂಗ.
ಬ್ಯಾಸಗಿಗೆ ಹೊಳಿ ಸರಿದು ಮರಳು ಬಿಟ್ಟಾಗ ಮಾತ್ರ
ನಮಗ ಸಿಹಿನೀರು:
ಮೊಣಕಾಲುದ್ದ ಗುಂಡಿ,
ಮರಳು ತಾನೇ ಸೋಸಿ ಕೊಡೋ ವರ್ತಿ.

ವರ್ತಿಗೆ ಅವಸರ ಆಗಿಬರೂದಿಲ್ಲ.
ಪರಟಿಲೆ ತೋಡಬೇಕು, ಕುಂದರಬೇಕು.
ಇನ್ನೊಂದು ಪರಟಿ ಊರೂತನಕ
ಮಗಳ ತಲಿ ಹಿಕ್ಕಬಹುದು, ಬೀಗರನ್ನ ಬೈಬಹುದು.
ಗಡಬಡಿಸಿದರ ರಾಡಿ.

ಎರಡು ವರ್ಷದ ಹಿಂದ
ಹದ್ದಿನಗಡ್ಡಿ ಹುಡುಗರು ಟ್ರ್ಯಾಕ್ಟರ್ ಇಳಿಸಿ
ಮೂವತ್ತೆರಡು ಟ್ರಿಪ್ ಮರಳು ಮಾರಿದರು.
ವರ್ತಿ ಒಂದಾಳು ಆಳಕ್ಕ ಹೋತು.
ಪಾಳಿ ಜಗಳದಾಗ ಜಾಲಿಗಡ್ಡಿ ಮಾನಮ್ಮ
ನನ್ನ ಕೊಡ ಎತ್ತಿ ಬಂಡಿಗೆ ಬಡಿದಳು.
ಹಿತ್ತಾಳಿದು. ಒಡೀಲಿಲ್ಲ, ನೆಗ್ಗಿತು.
ಆ ನೆಗ್ಗು ಇನ್ನೂ ಅದ.
ಒಂದು ಚಂಬು ನೀರು ಕಮ್ಮಿ ಹಿಡಿತದ.

ಯಾರ ಕಟ್ಟಿ ಮ್ಯಾಲ ಕೂಡಿದರೂ ಅವರೇ ಗೆದ್ದಂಗ,
ಅದಕ್ಕ ಮಾತುಕತಿ ಹರಿಗೋಲಿನಾಗ,
ಮೂರು ಗಡ್ಡಿಯ ನಟ್ಟನಡುವ ಮಡುವಿನಾಗ.
ಹನ್ನೊಂದು ಮಂದಿ.
ಸಿಟ್ಟಿಗೆದ್ದು ಒಬ್ಬರು ನಿಂತರೂ ಎಲ್ಲರೂ ಮುಳುಗತಾರ;
ಯಾರೂ ನಿಲ್ಲಲಿಲ್ಲ.
ಏಳನೆತ್ತೆ ಓದಿದಾಕಿ ನಾನು, ಬರಕೊಂಡೆ:
ಮರಳು ಮಾರಬಾರದು,
ಆಡು ಎಮ್ಮಿ ತಗ್ಗಿನ ಕಡಿಗೆ,
ಬಾಣಂತಿ ಇರೋ ಮನಿಗೆ ಮೊದಲ ಕೊಡ,
ಇನ್ನೂ ಏನೇನೋ. ಗಾಳಿ ಬೀಸಿತು, ಹಾಳಿ ತೊಯ್ದವು.
ಶಾಯಿ ಡಬ್ಬಿ ಒಣಗಿತ್ತು.
ಹೊಳಿಯ ಕೆಸರಾಗ ಅದ್ದಿ ಒತ್ತಿದರು ಹೆಬ್ಬಟ್ಟು.

ಆಮ್ಯಾಲ ಒಂದು ರಾತ್ರಿ ಡ್ಯಾಮಿನ ಗೇಟು ತೆಗೆದರು.
ಸೈರನ್ ನಮ್ಮತನಕ ಕೇಳಿಸೂದಿಲ್ಲ.
ಬೆಳಕು ಹರಿದಾಗ ವರ್ತಿ ಇಲ್ಲ, ಮರಳಿಲ್ಲ.
ಒಂಬತ್ತು ದಿನ ಕಾಸಿದ ರಾಡಿ ಕುಡಿದೆವು.
ಹೊಳಿ ಇಳಿದಾಗ ಮರಳು ಮಗ್ಗಲಾ ಬದಲಿಸಿತ್ತು;
ಹೊಸ ಒರತಿ ಎದ್ದದ್ದು
ಮಾನಮ್ಮನ ಹಿತ್ತಲ ಬೇಲಿಯ ಬುಡಕ್ಕ.

ದಫ್ತರದಾಗ ಇದನ್ನ ಬರದಿದ್ದಿಲ್ಲ.

ಎರಡು ದಿನ ಯಾರೂ ಅತ್ತ ಹೋಗಲಿಲ್ಲ.
ಖಾಲಿ ಕೊಡ ತಗೊಂಡು ಬ್ಯಾರೆಯವರ ಬಾಗಿಲಿಗೆ
ಹೆಂಗ ಹೋಗೋದು?
ಮೂರನೇ ದಿನ, ಇನ್ನೂ ಕತ್ತಲ,
ಅಕಿ ತಾಟು ಬಡಿಯೋ ಸಪ್ಪಳ ನೀರು ದಾಟಿ ಬಂತು.

ಹೋದೆವು.
ವರ್ತಿ ತುಂಬಿ ನಿಂತಿತ್ತು, ಅಂಚಿನ ಮ್ಯಾಲ
ಪರಟಿ ಬೋರಲು, ಒಣಾ.
‘ಮೊದಲ ಪಾಳಿ ಯಾರದು? ಓದು,’ ಅಂದಳು.
ಹಾಳಿ ಬಿಚ್ಚಿದೆ. ಅಕ್ಷರೆಲ್ಲ ನೀಲಿ ಮೋಡ.
‘ಬಾಣಂತಿ ಇರೋ ಮನಿ,’ ಅಂದೆ,
ಬಾಯಿಗೆ ಬಂದದ್ದು ಅದೊಂದೇ.
ಅವತ್ತು ಬಾಣಂತಿ ಇದ್ದದ್ದು
ಹದ್ದಿನಗಡ್ಡಿಯಾಗ,
ಟ್ರ್ಯಾಕ್ಟರ್ ಹುಡುಗನ ಹೆಂಡತಿ.
ಯಾರೋ ಕ್ಯಾಕರಿಸಿ ಉಗುಳಿದರು.
ಆದರೂ ಸರಿದು ದಾರಿ ಬಿಟ್ಟರು.

ನನ್ನ ಪಾಳಿ ಬಂದಾಗ ಬಿಸಲೇರಿತ್ತು.
ಕೊಡ ತುಂಬಿತು. ಸಿಂಬಿ ಇಟ್ಟು ಎತ್ತಬೇಕು ಅಂದಾಗ
ಮಾನಮ್ಮ ತಡೆದು,
ನನ್ನ ಮಗಳ ಕೈಯಾಗಿನ ತಂಬಿಗಿಗೆ
ಇನ್ನೊಂದು ಚಂಬು ಸುರುವಿದಳು.
ಮುಖ ನೋಡಲಿಲ್ಲ.

ಮನಿಗೆ ಬಂದು, ಲೆಕ್ಕ ಲೆಕ್ಕನೇ ಅಂತ,
ಒಣಗಿದ ಹಾಳಿ ಮ್ಯಾಲ ಬರದೆ:
ನೆಗ್ಗಿನ ಬಾಬ್ತು,
ಒಂದು ಚಂಬು ಜಮಾ.