ಮೂರು ವಾರ, ಒಂದು ನಾಯಿ

ಒಪ್ಪಂದ ಇಷ್ಟೇ: ಮೂರು ವಾರ, ಒಂದು ನಾಯಿ.
ಅರ್ಧ ಕುರುಡು, ಹೆಸರು ಬೋಸನ್,
ಬೆಳಿಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು ಮಾತ್ರೆ
ಚೀಸಿನೊಳಗೆ ಅಡಗಿಸಿ.
ಚೀಸು ಅಗ್ಗದ್ದೇ ಆಗಬೇಕು,
ದುಬಾರಿಯದರ ಮೇಲೆ ಅದಕ್ಕೆ ಅನುಮಾನ.
ಪ್ರತಿಯಾಗಿ ನನಗೊಂದು ಸೂರು,
ಅಟ್ಲಾಂಟಿಕ್‌ಗೆ ಮುಖ ಮಾಡಿದ ಕಿಟಕಿ,
ಇನ್ನೊಬ್ಬರ ಹಾಸಿಗೆಯ ನಡುವಿನ ತಗ್ಗು.
ಆರ್ಲಾ, ಡೊನಲ್ ಕ್ರೀಟ್‌ಗೆ ಹಾರಿದರು.
ದುಡ್ಡಿನ ಮಾತಿಲ್ಲ. ಅವರಿಗೂ ನನಗೂ ಸಮ.

ಕಾರ್ಕ್‌ನ ಪಶ್ಚಿಮದಂಚಿನ ಆ ಊರಿಗೆ ಸುದ್ದಿ ಮುಟ್ಟಲು
ನಾನೊಂದು ಬ್ರೆಡ್ಡು ಕೊಂಡಷ್ಟೇ ಹೊತ್ತು.

ಮೊದಲು ಬ್ರೀಡಾ ಟೂಮಿ, ಕಲ್ಲುಗೋಡೆಯ ಆಚೆಯಿಂದ:
"ಎಲ್ಸ್‌ಪೆತ್ ಅಲ್ವಾ? ಹೇಗೂ ಇಲ್ಲೇ ಇರ್ತೀಯಲ್ಲ,
ನನ್ನ ಆರು ಕೋಳಿ, ಶನಿವಾರದಿಂದ ಬುಧವಾರ."

ಹೇಗೂ.
ಈ ಪದವನ್ನು ಏಳು ದೇಶಗಳಲ್ಲಿ ಕೇಳಿದ್ದೇನೆ.
ಹೇಗೂ ನಾಯಿ ತಿರುಗಾಡಿಸುತ್ತೀಯ, ನಮ್ಮದನ್ನೂ.
ಹೇಗೂ ಕೀಲಿ ಇಟ್ಟುಕೊಂಡಿರುತ್ತೀಯ, ಇದೊಂದು.
ಹೇಗೂ ನಿನಗೆ ಮನೆಯಿಲ್ಲ.
ಕೊನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ,
ಗೋಡೆಯ ಮೇಲಿಟ್ಟು ಹೋಗುತ್ತಾರೆ
ಅರ್ಧ ಡಜನ್ ಮೊಟ್ಟೆಯ ಜೊತೆ.

ಆಮೇಲೆ ಕಾನ್ಲೆತ್, ಕುದುರೆಗಳ ಕಾನ್ಲೆತ್.
ಫೆಬ್ರವರಿಯಲ್ಲಿ ಐದು ವಾರ ಬೇಕಂತೆ.
"ಚೆಂದದ ಜಾಗ, ನಿನಗೂ ರಜೆ ಸಿಕ್ಕ ಹಾಗೆ."
ಕಂಡಿದ್ದೇನೆ ನಾನು ಈ ಕಡೆಯ ಫೆಬ್ರವರಿ:
ಗೋಡೆಯ ಒಳಬದಿಯಲ್ಲಿ ಬೆಳೆಯುತ್ತದೆ, ಹಸಿರಾಗಿ.
ಮೂರು ಕುದುರೆ, ಒಂದು ಕತ್ತೆ.
ಕರೆಂಟ್ ಬಿಲ್ಲು ಮಾತ್ರ ನಾನು ಕಟ್ಟಬೇಕಂತೆ.

ಔಷಧದಂಗಡಿಯವಳು ಕೆಮ್ಮಿನ ಸಿರಪ್ಪಿನ ಜೊತೆ
ತನ್ನ ಬೆಕ್ಕಿನ ಫೋಟೋ ಮುಂದಿಟ್ಟಳು.
ಹೆಸರೇ ಗೊತ್ತಿಲ್ಲದವನೊಬ್ಬ ಕಾರಿನ ಗಾಜಿಳಿಸಿ,
ಬಾಯ್ಲರ್ ರಿಪೇರಿಯವನು ಗುರುವಾರ ಬರ್ತಾನೆ,
ಸ್ವಲ್ಪ ಬಾಗಿಲು ತೆಗೀತೀಯಾ, ಎಂದ.
ಗುರುವಾರ ನಾನು ಬಾಗಿಲು ತೆಗೆದೆ.
ಬಾಯ್ಲರಿನವನು ಶುಕ್ರವಾರ ಬಂದ.

ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಅನ್ನುತ್ತಾರೆ.
ನನಗೋ ಜಾಗಕ್ಕೇನು ಬರ,
ಊರ ತುಂಬ ಖಾಲಿ ಮನೆಗಳು.
ಅಡುಗೆಮನೆಯ ಕೊಕ್ಕೆಗೆ ನಾಲ್ಕು ಕೀಲಿ,
ಯಾವುದು ಯಾರದೆಂದು ಬಣ್ಣದ ಉಣ್ಣೆ ಕಟ್ಟಿದ್ದೇನೆ.
ಅವು ಕಿಣಿಕಿಣಿ ಎಂದರೆ ಬೋಸನ್ ಕಿವಿ ನಿಮಿರಿಸುತ್ತದೆ,
ಹೊರಟಳು ಮತ್ತೆ, ಎಂಬಂತೆ ಕಿವಿ ಇಳಿಸುತ್ತದೆ.

ಸೋಮವಾರ ಸಂಜೆ ಮಾತ್ರೆ ಮರೆತೆ.
ನರಿ ಬರುವ ಹೊತ್ತು. ಬ್ರೀಡಾಳ ಆರನೆಯ ಕೋಳಿ
ಗೂಡಿಗೆ ಬರಲೊಲ್ಲದೆ ಮುಳ್ಳುಪೊದೆಯಲ್ಲಿ ಕೂತಿತ್ತು,
ನಾನು ಅದರೆದುರು ಮಂಡಿಯೂರಿದ್ದೆ,
ಅರವತ್ತೊಂದು ವರ್ಷದ ಮಂಡಿ.
ಮರಳಿದಾಗ ಒಂಬತ್ತು ದಾಟಿತ್ತು.
ಅಡುಗೆಮನೆಯ ಹಾಸುಗಲ್ಲಿನ ಮೇಲೆ ನಾಯಿ ನಡುಗುತ್ತಿತ್ತು.
ಬೈಯಲು ಅದಕ್ಕೆ ಬರುವುದಿಲ್ಲ.
ಬೆಳಗಿನವರೆಗೆ ಅದರ ಪಕ್ಕೆಯ ಮೇಲೆ ಕೈಯಿಟ್ಟು ಕೂತೆ,
ಉಸಿರು ಎಣಿಸುತ್ತ, ತಪ್ಪುತ್ತ, ಮತ್ತೆ ಎಣಿಸುತ್ತ.

ಮರುದಿನ ಬಂದವಳು ಹತ್ತು ವರ್ಷದ ಕ್ಲೀಯನಾ.
ಷೂ ಪೆಟ್ಟಿಗೆಯಲ್ಲಿ ಗಿನಿಪಿಗ್ಗು.
"ಎರಡು ಯೂರೋ ಇದೆ. ಆಗಲ್ಲ ಅಂದ್ರೆ ಆಗಲ್ಲ ಅನ್ನು."
ಆಗಲ್ಲ, ಅಂದೆ.
ವರ್ಷಗಟ್ಟಲೆ ತೆರೆಯದ ಗೇಟಿನ ಹಾಗೆ
ಕಿರುಗುಟ್ಟಿ ಬಂತು ಗಂಟಲಿನಿಂದ.
"ಸರಿ," ಎಂದಳು.
ಪೆಟ್ಟಿಗೆಯನ್ನು ಕಂಕುಳಿಗೆ ಸರಿಸಿಕೊಂಡು
ಕುಂಟಾಬಿಲ್ಲೆ ಹೆಜ್ಜೆಯಲ್ಲಿ ಇಳಿಜಾರು ಇಳಿದಳು.
ಬಾಗಿಲಲ್ಲೇ ನಿಂತಿದ್ದೆ ನಾನು
ಅಂಗಡಿಯವನು ಚಿಲ್ಲರೆ ಹೆಚ್ಚು ಕೊಟ್ಟುಬಿಟ್ಟಂತೆ,
ತಿರುಗಿಸಬೇಕೋ ಇಟ್ಟುಕೊಳ್ಳಬೇಕೋ ತಿಳಿಯದೆ.

ಕೋಳಿಗಳನ್ನು ಬುಧವಾರದವರೆಗೂ ನೋಡಿದೆ, ಮಾತು ಕೊಟ್ಟಿದ್ದೆ.
ಉಳಿದ ಕೀಲಿಗಳ ಉಣ್ಣೆ ಬಿಚ್ಚಿ
ಅವರವರ ಬಾಗಿಲ ಸೀಳಿನೊಳಗೆ ಜಾರಿಸಿದೆ.
ಕಾನ್ಲೆತ್ ಈಗ ನನ್ನ ಹತ್ತಿರ
ಹವಾಮಾನದ ಮಾತು ಕೂಡ ಆಡುವುದಿಲ್ಲ.
ಈ ಊರಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ಇನ್ನು ಒಂಬತ್ತು ದಿನ.
ಮನೆ ಕಾಯುತ್ತೇನೆ. ಮನೆಯವರಿಗೆ ಕಾಯುತ್ತೇನೆ.
ಒಲೆಯ ಮೇಲೆ ನೀರೂ ಕಾಯುತ್ತದೆ, ತನ್ನ ಪಾಡಿಗೆ.
ಏಳು ಗಂಟೆ. ಅಗ್ಗದ ಚೀಸು.
ಬೋಸನ್ ಮೂಸಿ, ಮೂಸಿ, ನುಂಗಿ,
ಬೆರಳನ್ನು ನೆಕ್ಕುತ್ತದೆ.
ಬೆರಳನ್ನಷ್ಟೇ. ಹಸ್ತದ ತಂಟೆಗೆ ಬರುವುದಿಲ್ಲ.

ಗೋಡೆಯಾಚೆ ಯಾರೋ ಕೆಮ್ಮಿದರು.