ನಲವತ್ತು ಸೆಕೆಂಡು ಹಿಂದೆ

ಖಲೀಲನ ಪಂಕ್ಚರ್ ಅಂಗಡಿಯ ಷಟರು ಅರ್ಧ ಇಳಿದಿತ್ತು.
ಒಳಗೆ ನಾವು ನಾಲ್ಕು ಜನ, ಒಂದು ಫೋನು.
ಸಲ್ಯೂಷನ್ ಡಬ್ಬಿಗೆ ಒರಗಿಸಿದ್ದೆವು ಅದನ್ನು,
ಟ್ಯೂಬು ಮುಳುಗಿಸುವ ಬಾಂಡ್ಲಿಯ ನೀರಿನಲ್ಲಿ
ಅದರ ಬೆಳಕು ಅಲುಗುತ್ತಿತ್ತು.
ಮತ್ತಿಕೆರೆಯಲ್ಲಿ ಭಾನುವಾರ ರಾತ್ರಿ ಎಂಟು.
ಅಲ್ಲೆಲ್ಲೋ ಇನ್ನೂ ಇಳಿಬಿಸಿಲು,
ಕಲ್ಲು ಹಾಸಿದ ಬೀದಿ, ಕೊನೆಯ ಸುತ್ತು.

ಅವನ ಹೆಸರು ನಮ್ಮ ನಾಲಿಗೆಗೆ ಹೊರಳದು,
ಬರೀ ಒತ್ತಕ್ಷರ, ನಡುವೆ ಉಸಿರಾಡಲು ಜಾಗವಿಲ್ಲ.
ಬೆನ್ನು ಬಾಗಿಸಿ ತುಳಿಯುವ ರೀತಿ ನೋಡಿ
ಖಲೀಲ ಒಮ್ಮೆ ಗೂನಪ್ಪ ಅಂದ.
ಅಂದಿನಿಂದ ಗೂನಪ್ಪ.

ಹನ್ನೆರಡು ವರ್ಷ ಅವನು ಏನೂ ಗೆದ್ದಿರಲಿಲ್ಲ.
ಗೆಲ್ಲುವವರಿಗೆ ನೀರು ಹೊತ್ತ.
ಹಿಂದೆ ಬರುವ ಕಾರಿನವರೆಗೆ ಜಾರಿ,
ಅಂಗಿಯೊಳಗೆ ಎಂಟು ಬಾಟಲಿ ತುರುಕಿಕೊಂಡು
ತುಂಬಿದ ಬಸುರಿಯ ಹಾಗೆ ಉಬ್ಬಿ
ಮತ್ತೆ ಮುಂದಕ್ಕೆ, ಗಾಳಿಗೆ ಎದೆಕೊಟ್ಟು.
ಟ್ಯಾಂಕರ್ ಓಡಿಸುವ ಪುಟ್ಟಮಾದ ಅದನ್ನು ಕಂಡ ದಿನವೇ ಹೇಳಿದ್ದ:
"ಇವ್ನು ನಮ್ ಲೈನ್‌ನೋನು ಕಣ್ರೀ.
ನೀರು ಕೊಟ್ಟೋನ ಹೆಸರು ಯಾರೂ ಕೇಳಲ್ಲ,
ತಡವಾದ್ರೆ ಮಾತ್ರ ಫೋನ್ ಮಾಡ್ತಾರೆ."

ನಾನು ವಾಚ್ ಕಾರ್ಖಾನೆಯವನು.
ಇಪ್ಪತ್ತಾರು ವರ್ಷ ಜಾಲಹಳ್ಳಿಯಲ್ಲಿ
ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು
ಕೂದಲಿನಂಥ ಸ್ಪ್ರಿಂಗು ಕೂರಿಸಿದವನು.
ಕಾರ್ಖಾನೆ ನಿಂತಿತು, ಚಟ ನಿಲ್ಲಲಿಲ್ಲ.
ಹೆಸರಘಟ್ಟ ರಸ್ತೆಯಲ್ಲಿ ಹುಡುಗರು ರೇಸು ಬಿಡುವ ಬೆಳಿಗ್ಗೆ
ಸುಣ್ಣದ ಗೆರೆಯ ಪಕ್ಕ ನಿಂತು ಟೈಮು ಬರೆದುಕೊಳ್ಳುತ್ತೇನೆ.
ಅರ್ಧ ಸೆಕೆಂಡಿಗೆ ಅಳುವವರನ್ನು ಕಂಡಿದ್ದೇನೆ.

ಕೊನೆಯ ಏರು. ಮುಂದೆ ಮೂವರು.
"ಇಬ್ಬರ ಬಾಯಿ ತೆರೆದಿದೆ," ಅಂದಳು ಫಿಲೋಮಿನಾ,
ಡ್ಯೂಟಿ ಮುಗಿಸಿ ಸೀದಾ ಬಂದಿದ್ದ ನರ್ಸಮ್ಮ,
"ಗೂನಪ್ಪ ಮೂಗಲ್ಲೇ ಉಸಿರಾಡ್ತಿದಾನೆ ನೋಡಿ."
ನೋಡಲು ಬಗ್ಗಿದೆವು.
ಚಿತ್ರ ನಿಂತಿತು. ಪರದೆಯ ಮೇಲೆ
ಒಂದು ಬಿಳಿ ಉಂಗುರ ಸುತ್ತತೊಡಗಿತು.
ಖಲೀಲ ಫೋನಿಗೆ ಉರ್ದುವಿನಲ್ಲಿ ಏನೋ ಅಂದ.

ಆಗಲೇ ಮೇಲಿನ ಪೀಜಿಯಿಂದ ಕೂಗು.
ಅಲ್ಲಿ ದೊಡ್ಡ ಟೀವಿ, ದೊಡ್ಡ ನೆಟ್ಟು,
ಅವರ ಆಸಾಮಿಯೂ ಬೇರೆ:
ಜಾಹೀರಾತಿನ ಹಲ್ಲಿನ, ಇಪ್ಪತ್ತೆರಡರ ಪೋರ.
ಹೋದ ವರ್ಷದವರೆಗೆ ಗೂನಪ್ಪ ನೀರು ಹೊತ್ತದ್ದು ಅವನಿಗೇ.
ಕೂಗು ಗೆದ್ದದ್ದೋ, ಸೋತದ್ದೋ?
ನಾಲ್ವರೂ ಕತ್ತೆತ್ತಿ ತಾರಸಿ ನೋಡಿದೆವು.
ಮೊದಲು ಕುರ್ಚಿ ಬಿದ್ದ ಸದ್ದು.
ಆಮೇಲೆ ಯಾರೋ "ಥೂ, ಇವ್ನಾ!" ಅಂದ.

ಉಂಗುರ ಕರಗಿತು. ನಮ್ಮ ಫೋನಿನಲ್ಲಿ
ಗೂನಪ್ಪ ಇನ್ನೂ ಏರು ಹತ್ತುತ್ತಿದ್ದ.
ಗೆರೆ ಎಷ್ಟೋ ದೂರ. ಮೂಗಿನ ತುದಿಯಲ್ಲಿ ಬೆವರು.
ಪಕ್ಕದವನನ್ನು ಒಮ್ಮೆ ನೋಡಿದ, ಹೆದರಿದಂತಿತ್ತು.
ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ.
"ಒಳ್ಳೇ ರಿಪೋರ್ಟು ಹಿಡ್ಕೊಂಡು ಮಂಚದವರೆಗೂ ನಡೀತೀವಲ್ಲ,"
ಫಿಲೋಮಿನಾ ಪಿಸುಗುಟ್ಟಿದಳು, "ಹಾಗೆ."
ಹಿಂದೆ ಬಿದ್ದ ಗಡಿಯಾರ ಕಂಡರೆ
ಬೆರಳು ತುರಿಸುತ್ತದೆ ನನಗೆ, ಸರಿಮಾಡಬೇಕು ಅಂತ.
ಆ ರಾತ್ರಿ ತುರಿಸಲಿಲ್ಲ.

ಗೆರೆ ದಾಟಿದವನು ಕೈ ಎತ್ತಲು ಮರೆತ.
ಬಾಟಲಿ ತೆಗೆದು ಒಂದು ಗುಟುಕು ಕುಡಿದು
ಹಿಂದೆ ಬಂದ ಪೋರನಿಗೆ ಚಾಚಿದ,
ಕೈಗೆ ಅಭ್ಯಾಸವಾಗಿತ್ತು, ಪಾಪ.

ಖಲೀಲ ರಿಪೇರಿಗೆ ಬಂದ ಅಷ್ಟೂ ಸೈಕಲ್ಲುಗಳ
ಗಂಟೆ ಬಾರಿಸಿದ. ಒಂದಕ್ಕೆ ಗಂಟೆ ಇರಲಿಲ್ಲ,
ಅದರ ಸೀಟಿಗೆ ಗುದ್ದಿದ.
ಪುಟ್ಟಮಾದನ ಫೋನು ಬಡಿದುಕೊಳ್ಳುತ್ತಿತ್ತು,
ಯಾವುದೋ ಅಪಾರ್ಟ್‌ಮೆಂಟಿನ ಸಂಪು ಖಾಲಿ.
"ಬರ್ತೀನಿ ಸಾರ್," ಅಂದ, ಮೂಗು ಒರೆಸಿಕೊಂಡು,
"ನಮ್ಮೋರೊಬ್ರಿಗೆ ಸನ್ಮಾನ ಇತ್ತು."

ಎದೆಯ ಮೇಲೆ ಐದು ಬಣ್ಣದ ಪಟ್ಟಿ,
ಉಳಿದದ್ದೆಲ್ಲ ಅಚ್ಚ ಬಿಳಿ ಅಂಗಿ ತೊಡಿಸಿದರು ಅವನಿಗೆ.
"ಬಿಳೀದು ಯಾಕ್ ಕೊಟ್ರು?" ಖಲೀಲನಿಗೆ ಚಿಂತೆ,
"ಗ್ರೀಸು ಹತ್ತಿದ್ರೆ ಹೋಗಲ್ಲ."

ಟ್ಯಾಂಕರು ಹೊರಟಿತು, ವಾಲ್ವು ಸೋರುತ್ತ.
ರಸ್ತೆಗೆ ಅಡ್ಡ, ತಿರುವಿನಲ್ಲಿ, ಒಂದು ಒದ್ದೆ ಗೆರೆ.
ಅದನ್ನು ದಾಟಿ ನಾನೂ ಮನೆಗೆ ಹೋದೆ.