ಪಾಲಿಸಿ

ಅಮ್ಮತ್ತಿಯ ನಮ್ಮ ತೋಟದ ಪಲ್ಪರ್ ಮನೆ ಗೋಡೆಗೆ
ಕಳೆದ ಹುತ್ತರಿಯ ಹಿಂದಿನ ಹುತ್ತರಿಗೆ ಒಂದು ಹಾಳೆ ಬಂತು.
ಮೇಲೆ ದಪ್ಪಕ್ಷರದಲ್ಲಿ: ಪಾಲಿಸಿ.
'ಕಂತೆಷ್ಟು? ದುಡ್ಡು ಬರೋದು ಬದುಕಿದ್ದಾಗಲೋ, ಸತ್ತ ಮೇಲೋ?'
ಜೀಪಿನ ಮೊಯ್ದು ಕೇಳಿದ.
ನಾನು ಇಲ್ಲಿಯ ರೈಟರ್. ಕೂಡಲು ಕಳೆಯಲು ಬರುತ್ತದೆ.
ಇದಕ್ಕೆ ಉತ್ತರ ಬರಲಿಲ್ಲ.

ಹಾಳೆಗಿಂತ ಮೊದಲು ಒಂದು ಬಾಟಲಿ ಬಂದಿತ್ತು.
ಬೊಳ್ಚಿ ತಂದಿಟ್ಟದ್ದು, ಉತ್ತಯ್ಯನವರ ಮೇಜಿನ ಮೇಲೆ,
ಡೀಸೆಲ್ ಬಿಲ್ಲುಗಳ ನಡುವೆ.
ನಮ್ಮದೇ ಹಣ್ಣು ತೊಳೆದು ನಾವೇ ಬಿಟ್ಟ ನೀರು
ತೋಡಿಗಿಳಿದು ಅವಳ ಕೊಡಕ್ಕೆ ಹತ್ತಿದ್ದು.
ಕಷಾಯದ ಬಣ್ಣ, ಹುಳಿಹೆಂಡದ ನಾತ.
ಅವಳು ಮಾತಾಡಲಿಲ್ಲ. ಮುಚ್ಚಳ ತೆಗೆದಳು,
ಹೋಗಿ ಹಣ್ಣು ಆರಿಸಲು ಕೂತಳು.
ಫ್ಯಾನು ತಿರುಗುತ್ತಿತ್ತು.
ಲೆಡ್ಜರಿನ ಹಾಳೆಹಾಳೆಗೂ ವಾಸನೆ ಹತ್ತಿತು,
ಈಗಲೂ ಆ ಜನವರಿಯ ಪುಟ ತೆರೆದರೆ ಮೂಗು ಮುಚ್ಚುತ್ತೇನೆ.

ಆಮೇಲೆ ಗುಂಡಿ ತೋಡಿಸಿದರು, ಒಂದರ ಕೆಳಗೊಂದು ಮೂರು.
ತೊಳೆದ ನೀರು ತಿಳಿಯಾಗಿ ತಿರುಗಿ ಪಲ್ಪರಿಗೇ.
ಸಿಪ್ಪೆ ಕೊಳೆತು ಗಿಡದ ಬುಡಕ್ಕೆ.
ಮೂರಕ್ಕೆ ಕೊಯ್ಲು ಸಾಕು, ಐದೂವರೆಗೆ ಯಂತ್ರ ಸಾಕು,
ಆನೆ ರಸ್ತೆಗಿಳಿಯುವ ಮೊದಲು ಜೀಪು ಲೈನ್ ಮನೆ ಸೇರಲಿ.

'ದಿನಕ್ಕೆ ಎರಡು ಗಂಟೆ ಹೋಯಿತಲ್ಲ ರೈಟ್ರೇ,
ಅರವತ್ತು ದಿನಕ್ಕೆ ಎಷ್ಟು? ಹಾಕಿ.'
ಹಾಕಿದೆ. ಕೆಂಪು ಪೆನ್ನು ಖಾಲಿಯಾಯಿತು,
ಹೊಸದರ ಆರು ರೂಪಾಯಿಯನ್ನೂ ಅದರಲ್ಲೇ ಬರೆದೆ.
ಉತ್ತಯ್ಯನವರು ಎರಡು ಸಲ ಹಾಳೆಯ ಮೂಲೆಗೆ ಉಗುರು ಹಚ್ಚಿದರು.
ಬಾಟಲಿ ಇನ್ನೂ ಕಪಾಟಿನಲ್ಲಿತ್ತು. ಕೀಳಲಿಲ್ಲ.

ಈ ವರ್ಷ ಪಂಪಿನ ಡೀಸೆಲ್ ಅರ್ಧಕ್ಕೆ ಇಳಿದಿದೆ.
ಗೊಬ್ಬರದ ಲಾರಿ ಮೂರರ ಬದಲು ಒಂದೇ ಬಂತು.
ಆಚೆ ತೋಟಗಳಲ್ಲಿ ಆಳಿಲ್ಲದೆ ಹಣ್ಣು ಗಿಡದಲ್ಲೇ ಒಣಗುವಾಗ
ಬಾರ್‌ಪೇಟಾಕ್ಕೆ ಹೋದ ರೊಫಿಕುಲ್ ತಾನಾಗಿ ಬಂದ,
ಜೊತೆಗೆ ಭಾವ, ಭಾವನ ಹೆಂಡತಿ, ಇನ್ನಿಬ್ಬರು.
'ಇಲ್ಲಿ ಕತ್ತಲಾಗುವ ಮೊದಲು ಮನೆಗೆ ಬಿಡ್ತಾರೆ'
ಅಂದನಂತೆ ಊರಿನಲ್ಲಿ.
ಹೊರದೇಶದ ಖರೀದಿದಾರ ಮೂಟೆಗಿಷ್ಟು ಹೆಚ್ಚು ಎಂದ,
ಅದು ಇನ್ನೂ ಬಂದಿಲ್ಲ. ಬಂದಾಗ ಬರೆದೇನು.

ಎರಡು ಮಳೆಗಾಲ ಕಂಡ ಹಾಳೆಯಲ್ಲಿ
ಅಂಶಗಳೆಲ್ಲ ಕಿತ್ತುಹೋಗಿ ಮೂರಕ್ಷರ ಉಳಿದಿವೆ.
ಬೊಳ್ಚಿಯ ಮೊಮ್ಮಗ, ಎರಡನೇ ಕ್ಲಾಸು,
ಬೆರಳಿಟ್ಟು ಓದಿದ: ಪಾ. ಲಿ. ಸಿ.
'ಏನನ್ನ ಪಾಲಿಸಬೇಕು, ರೈಟ್ರೇ?'
ಎಷ್ಟು ಸಲ ಓದಿದ್ದೆ, ಅದು ಕನ್ನಡವೆಂದು ಹೊಳೆದಿರಲಿಲ್ಲ.

ಬಾಯಿ ತೆರೆದೆ. ಐದೂವರೆ. ಯಂತ್ರ ನಿಂತಿತು.
ಹುಡುಗ ಡಬ್ಬಿ ಮೇಜಿಗಿಟ್ಟು ಜೀಪಿನತ್ತ ಓಡಿದ.
ತೋಡಿನ ಏಡಿ, ನಾಲ್ಕೋ ಐದೋ.
ಒಂದು ಮೆಲ್ಲಗೆ ಹೊರಗಿಳಿದು
ತೆರೆದಿದ್ದ ಲೆಡ್ಜರಿನ ಮೇಲೆ, ಒದ್ದೆ ಕಾಲಿನಲ್ಲಿ,
ಖರ್ಚಿನ ಕಡೆಯಿಂದ ಜಮೆಯ ಕಡೆಗೆ
ಅಡ್ಡಡ್ಡ ನಡೆಯಿತು.